ಬೆಂಡು ಭಾರವಾದಾಗ: ಹಳೆ ಫೋರ್ಡಿನ ಕಾರ್ಬೊರೇಟರ್ ಉಕ್ಕುವುದನ್ನು ನಿಲ್ಲಿಸಿದ ಬಗೆ

ಸಿರುಗುಪ್ಪ ಕಡೆಯ ಸಾವ್ಕಾರರೊಬ್ಬರ ಅಕ್ಕಿ ಗಿರಣಿಯ ಹಿಂದೆ ನಿಂತಿದ್ದ 1924ರ ಫೋರ್ಡ್ ಮಾಡೆಲ್ ಟಿ ಏಪ್ರಿಲ್ ಎರಡನೇ ವಾರ ಬಳ್ಳಾರಿಗೆ, ಕೌಲ್ ಬಜಾರಿನ ನಮ್ಮ ಶೆಡ್ಡಿಗೆ ಬಂತು. ಟೆಂಪೋದಿಂದ ಇಳಿಸುವ ಹೊತ್ತಿಗೇ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಸಾವ್ಕಾರರು ಹೇಳಿದ ದೂರು ಒಂದೇ: "ಮೇಸ್ತ್ರಿ, ಕಾರ್ಬೊರೇಟರ್ ಸೋರ್ತೈತಿ. ಮೂರು ಸಲ ನೀಡಲ್ ಬದಲಿ ಮಾಡಿಸೀನಿ. ರಿಪೇರಿ ಆದ ದಿನ ಚಲೋ ಇರ್ತೈತಿ, ಎರಡು ದಿನಕ್ಕ ಮತ್ತ ಅದೇ ರಾಗ ಅದೇ ಹಾಡು."

ರೋಗದ ಗುಟ್ಟು ಆ ಕೊನೆಯ ಮಾತಿನಲ್ಲೇ ಇತ್ತು. ಅದು ನನಗೆ ತಿಳಿದದ್ದು ನಾಲ್ಕು ದಿನ ಕಳೆದ ಮೇಲೆ.

ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗವೇ ಕಾರ್ಬೊರೇಟರ್. ಅದರ ಒಳಗೆ ನಡೆಯುವುದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲಿನದು ಸಲೀಸಾಗುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಬಾಲ್ ವಾಲ್ವ್ ಇರುತ್ತದಲ್ಲ, ಅದೇ ಇದು. ನೀರು ಏರಿದಂತೆ ಗುಂಡು ತೇಲಿ ಮೇಲೆ ಬಂದು ನಲ್ಲಿ ಮುಚ್ಚುತ್ತದೆ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಗುಂಡಿನ ಜಾಗಕ್ಕೆ ಫ್ಲೋಟು, ನಲ್ಲಿಯ ಜಾಗಕ್ಕೆ ಚೂಪು ನೀಡಲ್ ಮತ್ತು ಅದು ಕೂರುವ ಹಿತ್ತಾಳೆ ಸೀಟು. ಕಾರ್ಲ್ ಬೆಂಜ್ ಅವರ 1886ರ ಮೂರು ಚಕ್ರದ ಗಾಡಿಯಲ್ಲಿ ಪೆಟ್ರೋಲ್ ಸಿಂಪಡಿಸುವ ಏರ್ಪಾಡು ಇರಲಿಲ್ಲ. ಪೆಟ್ರೋಲಿನ ಮೇಲ್ಮೈಯಿಂದ ಏಳುವ ಆವಿಯೇ ಎಂಜಿನ್ನಿಗೆ ಹೋಗುತ್ತಿತ್ತು. 1893ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಅವರ ಫ್ಲೋಟ್ ಇರುವ, ಜೆಟ್ಟಿನಿಂದ (ಸಣ್ಣ ತೂತಿನ ಕೊಳವೆಯಿಂದ) ಸಿಂಪಡಿಸುವ ಕಾರ್ಬೊರೇಟರ್ ಬಂತು. ಬಟ್ಟಲಿನ ಪೆಟ್ರೋಲ್ ಜೆಟ್ಟಿನ ಬಾಯಿಗಿಂತ ಕೆಲವೇ ಮಿಲಿಮೀಟರ್ ಕೆಳಗೆ ನಿಲ್ಲಬೇಕು, ಎಂಜಿನ್ನು ಎಳೆದಾಗ ಮಾತ್ರ ಮೇಲೇಳಬೇಕು. ಮಟ್ಟ ಬಾಯಿ ದಾಟಿತೋ, ಎಂಜಿನ್ ನಿಂತಿದ್ದರೂ ತೊಟ್ಟಿಕ್ಕುತ್ತದೆ. ಉಕ್ಕುವುದು ಅಂದರೆ ಇಷ್ಟೇ.

ಮಾಡೆಲ್ ಟಿ ಗಾಡಿಗೆ ಪೆಟ್ರೋಲ್ ಪಂಪಿಲ್ಲ. ಮುಂದಿನ ಸೀಟಿನ ಕೆಳಗೆ ಟ್ಯಾಂಕು, ಅಲ್ಲಿಂದ ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕು. ಅದಕ್ಕೇ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಆ ಕಾಲದವರು ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರು. ಈ ಗಾಡಿಯ ಕಾರ್ಬೊರೇಟರ್ ಹಾಲಿ ಕಂಪನಿಯ ಎನ್‌ಎಚ್ ಮಾದರಿ, ಒಳಗೆ ಲಾಳದ ಆಕಾರದ ಕಾರ್ಕ್ ಫ್ಲೋಟು. ನಮ್ಮ ಕಡೆ ಮಾತಿನಲ್ಲಿ ಬೆಂಡು. ಈಜು ಕಲಿಯುವ ಹುಡುಗರ ಸೊಂಟಕ್ಕೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರಲ್ಲ, ಕೆಲಸದಲ್ಲಿ ಅದರದೇ ತಮ್ಮ.

ಮೊದಲ ದಿನ

ಬ್ಯಾಟರಿ ವೈರು ಬಿಚ್ಚಿ, ಮರಳಿನ ಬಕೆಟ್ ಎರಡು ತುಂಬಿಸಿಟ್ಟು, ಪೌಡರ್ ಸಿಲಿಂಡರ್ ಕೈಗೆಟುಕುವಂತೆ ನಿಲ್ಲಿಸಿ ಶುರು ಮಾಡಿದೆವು. ಹೊತ್ತಿದ ಪೆಟ್ರೋಲಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಶೆಡ್ಡಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವ ಪಾಠ ಇದು. ಈ ಗಾಡಿಯಲ್ಲಿ ಕಾರ್ಬೊರೇಟರ್ ಮ್ಯಾನಿಫೋಲ್ಡಿಗಿಂತ (ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆಗಿಂತ) ಕೆಳಗಿದೆ, ಉಕ್ಕಿದ ಪೆಟ್ರೋಲ್ ಗಾಳಿ ಎಳೆಯುವ ಬಾಯಿಯಿಂದ ನೆಲಕ್ಕೆ ಬೀಳುತ್ತದೆ. ಒಂದು ಲೆಕ್ಕಕ್ಕೆ ಇದು ಒಳ್ಳೆಯದು. ಕಾರ್ಬೊರೇಟರ್ ಮೇಲೆ ಕೂತಿರುವ ಎಂಜಿನ್ನುಗಳಲ್ಲಾದರೆ ಉಕ್ಕಿದ್ದು ಸಿಲಿಂಡರಿಗೆ ಇಳಿದು, ಆಯಿಲ್ ತೆಳುವಾಗಿ, ಬೇರಿಂಗ್ ತಿನ್ನುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಗಾಳಿ ಬಾಯಿಯ ಪಕ್ಕದಲ್ಲೇ ಕಾದ ಎಕ್ಸಾಸ್ಟ್. ಒಂದು ಬ್ಯಾಕ್‌ಫೈರ್, ಅಂದರೆ ಎಂಜಿನ್ ಹಿಂದಕ್ಕೆ ಕಿಡಿ ಉಗುಳಿದರೆ ಸಾಕು, ಬೆಂಕಿ.

ಟ್ಯಾಂಕಿನ ಅಡಿಯ ಕಾಕ್ ತೆರೆದೆ. ನಾಲ್ಕು ನಿಮಿಷ ಏನಿಲ್ಲ. ಆಮೇಲೆ ಮೊದಲ ಹನಿ, ನಂತರ ನಿಮಿಷಕ್ಕೆ ಸುಮಾರು 40 ಹನಿ.

ಬಳ್ಳಾರಿಯಲ್ಲಿ ಯಾವ ಗಾಡಿ ಕೆಟ್ಟರೂ ಮೊದಲ ಅನುಮಾನ ಧೂಳಿನ ಮೇಲೆ. ಸಂಡೂರಿನ ಅದಿರಿನ ಹುಡಿ ಎಲ್ಲಿ ಬೇಕಾದರೂ ನುಗ್ಗುತ್ತದೆ. ಟ್ಯಾಂಕಿನ ಅಡಿಯ ಕಸ ತಂಗುವ ಬಟ್ಟಲು ಬಿಚ್ಚಿದಾಗ ಅರ್ಧ ಚಮಚದಷ್ಟು ಕೆಂಪು ಪುಡಿ ಸಿಕ್ಕಿತು. ನನ್ನ ಅಕ್ಕನ ಮಗ, ಶೆಡ್ಡಿನಲ್ಲಿ ನನ್ನ ಬಲಗೈ, "ಮಾವ, ಮೈನ್ಸ್ ಧೂಳು" ಅಂದ. ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ನೋಡಿದರೆ ಬೆಸುಗೆಯ ಅಂಚಿನುದ್ದಕ್ಕೂ ತುಕ್ಕು ಹಪ್ಪಳದಂತೆ ಎದ್ದಿತ್ತು. ಹುಡಿ ಹೊರಗಿನದಲ್ಲ, ಟ್ಯಾಂಕಿನದೇ. ತೊಳೆದು, ಜಾಲರಿ ಬದಲಿಸಿ, ಪೈಪಿಗೆ ಗಾಳಿ ಹೊಡೆದೆವು. ಮತ್ತೆ ಕಾಕ್ ತೆರೆದರೆ ಮತ್ತೆ 40 ಹನಿ.

ಎರಡನೇ ದಿನ, ನೀಡಲ್

ಬಟ್ಟಲು ಬಿಚ್ಚಿ ಫ್ಲೋಟು ತೆಗೆದು ಬೆಂಚಿನ ಮೇಲೆ ಫ್ಯಾನಿನ ಕೆಳಗಿಟ್ಟೆ. ನೀಡಲಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಕೂದಲೆಳೆಯಷ್ಟು ಗೀರು. ಕಡಿಮೆ ಗೀರೇ, ಆದರೂ ಇತ್ತು. ಹಿತ್ತಾಳೆ ಪಾಲಿಶ್ ಹಚ್ಚಿ, ಎರಡು ಬೆರಳಲ್ಲಿ ಹಗುರವಾಗಿ ತಿರುಗಿಸುತ್ತ ಸೀಟಿನಲ್ಲಿ ಕೂರಿಸಿದೆ. ಒತ್ತಬಾರದು. ಒತ್ತಿದರೆ ಹಿತ್ತಾಳೆಯಲ್ಲಿ ಅಗಲ ಉಂಗುರ ಬಿದ್ದು ಮೊದಲಿಗಿಂತ ಕೆಟ್ಟದಾಗಿ ಮುಚ್ಚುತ್ತದೆ. ತೊಳೆದು, ಮುಚ್ಚಳ ತಿರುವಿ ಹಾಕಿ ನೀಡಲಿನ ಸ್ವಂತ ಭಾರಕ್ಕೇ ಬಿಟ್ಟು ರಬ್ಬರ್ ಪೈಪಿನಿಂದ ಊದಿದೆ. ಸೊಲ್ಲೆತ್ತಲಿಲ್ಲ.

ಸಂಜೆಯ ಹೊತ್ತಿಗೆ ಜೋಡಿಸಿ ಕಾಕ್ ತೆರೆದೆವು. ಒಂದು ಗಂಟೆ, ಎರಡು ಗಂಟೆ, ಒಂದು ಹನಿಯೂ ಇಲ್ಲ. ಕಾಕ್ ಬಂದ್ ಮಾಡಿ ಮನೆಗೆ ಹೋದೆವು.

ಮಾರನೆಯ ದಿನವೂ ಮಧ್ಯಾಹ್ನದವರೆಗೆ ಒಣಗಿಯೇ ಇತ್ತು. ನಾಲ್ಕು ಗಂಟೆಗೆ ಒಂದು ಹನಿ. ಅದರ ಮರುದಿನ ಬೆಳಿಗ್ಗೆ ಮತ್ತೆ 40.

ಚಾಚಾ ಬಂದರು

ನನಗೆ ಕೆಲಸ ಕಲಿಸಿದ ಚಾಚಾ ಈಗ ಶೆಡ್ ಮುಚ್ಚಿ ಮನೆಯಲ್ಲಿದ್ದಾರೆ. ಕರೆಸಿದೆ. ಫ್ಲೋಟು ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. "ಫ್ಲೋಟ್ ಚಲೋ ಐತಿ ಬೇಟಾ, ಒಳಗ ಪೆಟ್ರೋಲ್ ಇಲ್ಲ" ಅಂದರು.

ಅಂಬಾಸಿಡರ್, ಫಿಯಟ್ ಕಾಲದ ಹಿತ್ತಾಳೆ ಫ್ಲೋಟಿಗೆ ಆ ಪರೀಕ್ಷೆ ಸರಿಯಾದದ್ದೇ. ಬೆಸುಗೆ ಬಿಟ್ಟು ಒಳಗೆ ಪೆಟ್ರೋಲ್ ಸೇರಿದ್ದರೆ ಗುಳುಗುಳು ಸದ್ದು ಬರುತ್ತದೆ. ಅನುಮಾನ ಇದ್ದರೆ ಕುದಿಯುವ ನೀರನ್ನು ಒಲೆಯಿಂದ ದೂರ ತಂದಿಟ್ಟು ಅದರಲ್ಲಿ ಮುಳುಗಿಸುವುದು, ತೂತಿದ್ದಲ್ಲಿಂದ ಗುಳ್ಳೆ ಏಳುತ್ತದೆ. ಒಳಗಿನದನ್ನು ಪೂರ್ತಿ ಹೊರಗೆ ತೆಗೆದು, ಆವಿಯೂ ಉಳಿಯದಂತೆ ಒಣಗಿಸಿದ ಮೇಲೆಯೇ ಬೆಸುಗೆ. ಆವಿ ಉಳಿದ ಫ್ಲೋಟಿಗೆ ಕಾದ ಬೆಸುಗೆ ಕಬ್ಬಿಣ ಮುಟ್ಟಿಸಿದರೆ ಅದು ಕೈಯಲ್ಲೇ ಸಿಡಿಯುತ್ತದೆ. ಬೆಸುಗೆಯ ಸೀಸವನ್ನೂ ಕಂಜೂಸಿಯಿಂದ ಬಳಸಬೇಕು, ಗ್ರಾಂ ಹೆಚ್ಚಿದಷ್ಟೂ ಪೆಟ್ರೋಲ್ ಮಟ್ಟ ಏರುತ್ತದೆ.

ಆದರೆ ಬೆಂಡು ಗುಳುಗುಳು ಅನ್ನುವುದಿಲ್ಲ. ಅದು ಬಟ್ಟೆಯ ಹಾಗೆ ಹೀರಿಕೊಳ್ಳುತ್ತದೆ. ಚಾಚಾನ ಕೈಯಿಂದ ನನ್ನ ಕೈಗೆ ಬಂದಾಗ ಆ ಫ್ಲೋಟು ಮೊನ್ನೆ ಬೆಂಚಿನ ಮೇಲಿಂದ ಎತ್ತಿಕೊಂಡದ್ದಕ್ಕಿಂತ ಭಾರ ಅನ್ನಿಸಿತು. ಸಾವ್ಕಾರರ ಮಾತು ಆಗ ನೆನಪಾಯಿತು. ರಿಪೇರಿ ಆದ ದಿನ ಚಲೋ, ಎರಡು ದಿನಕ್ಕೆ ಮತ್ತೆ ಅದೇ. ಪ್ರತಿ ಸಲ ನೀಡಲ್ ಬದಲಿಸುವಾಗಲೂ ಫ್ಲೋಟು ಹೊರಗೆ ಕೂತು ನಮ್ಮ ಬಿಸಿಲಿಗೆ ಒಣಗುತ್ತಿತ್ತು. ಹಗುರಾಗಿ ಒಳಗೆ ಹೋಗುತ್ತಿತ್ತು, ಹೀರಿ ಭಾರವಾಗುತ್ತಿತ್ತು. ಗುಣವಾದದ್ದು ಬೆಂಡು ಒಣಗಿದ್ದರಿಂದ, ಹೆಸರು ಬಂದದ್ದು ಹೊಸ ನೀಡಲಿಗೆ.

ಪತ್ತಾರರ ತಕ್ಕಡಿ

ನಮ್ಮ ಓಣಿಯ ಪತ್ತಾರರ ಹತ್ತಿರ ಬಂಗಾರ ತೂಗುವ ತಕ್ಕಡಿ ಇದೆ. ಹೊರಮೈ ಒರೆಸಿ, ಹಿತ್ತಾಳೆ ಪಟ್ಟಿ ಸಮೇತ ತೂಗಿದೆವು: 19 ಗ್ರಾಂ. ಒಂದು ದಿನ ನೆರಳಲ್ಲಿ ಗಾಳಿಗಿಟ್ಟು ತೂಗಿದರೆ 13. ಐದನೇ ದಿನ 11.2ಕ್ಕೆ ಬಂದು ನಿಂತಿತು. ಬಾಯಿವರೆಗೆ ನೀರು ತುಂಬಿದ ಬಟ್ಟಲಿನಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ತೂಗಿದಾಗ 28 ಗ್ರಾಂ ಬಂತು. ಅಂದರೆ ಫ್ಲೋಟಿನ ಗಾತ್ರ 28 ಮಿಲಿಲೀಟರ್.

ಪೆಟ್ರೋಲಿನ ಸಾಂದ್ರತೆ ಸುಮಾರು 0.75. ಪೂರ್ತಿ ಮುಳುಗಿದ ಫ್ಲೋಟನ್ನು ಪೆಟ್ರೋಲ್ ಎತ್ತುವುದು 28ರ ಮುಕ್ಕಾಲು ಪಾಲು, 21 ಗ್ರಾಂ. ಒಣ ಬೆಂಡಿಗೆ ಸುಮಾರು 10 ಗ್ರಾಂ ಎತ್ತುವ ಶಕ್ತಿ ಉಳಿಯುತ್ತದೆ, ನೆನೆದದ್ದಕ್ಕೆ ಬರೀ 2. ಹಾಗಂತ ನೆನೆದ ಬೆಂಡು ತಳಕ್ಕೆ ಮುಳುಗಿರಲಿಲ್ಲ. ಟ್ಯಾಂಕು ತುಂಬಿದಾಗ ಕಾರ್ಬೊರೇಟರಿಗೂ ಪೆಟ್ರೋಲ್ ಮಟ್ಟಕ್ಕೂ ಅಂತರ ಸುಮಾರು 35 ಸೆಂ.ಮೀ., ಒತ್ತಡ ಚದರ ಸೆಂಟಿಮೀಟರಿಗೆ 26 ಗ್ರಾಂ. ಸೀಟಿನ ತೂತು 3 ಮಿ.ಮೀ. ಇರುವುದರಿಂದ ನೀಡಲನ್ನು ಕೆಳಗೆ ತಳ್ಳುವ ಬಲ 2 ಗ್ರಾಮಿಗೂ ಕಡಿಮೆ. ಸನ್ನೆಯ ಲಾಭವೂ ಸೇರಿ, ನೆನೆದ ಬೆಂಡೂ ನೀಡಲನ್ನು ಮುಚ್ಚುತ್ತಿತ್ತು. ಆದರೆ ತಡವಾಗಿ ಮುಚ್ಚುತ್ತಿತ್ತು. ಹೀರಿಕೊಂಡ 8 ಗ್ರಾಮಿನ ಭಾರಕ್ಕೆ ಅದು 7 ಮಿಲಿಮೀಟರಿನಷ್ಟು ತಗ್ಗಿ ತೇಲುತ್ತಿತ್ತು. ಅಷ್ಟೇ ಮಟ್ಟ ಮೇಲೇರಿ ಜೆಟ್ಟಿನ ಬಾಯಿ ದಾಟಿತ್ತು.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತು. ಇಂಥ ಗಾಡಿಗಳಿಗೆ ಈಗಿನ ಎಲೆಕ್ಟ್ರಿಕ್ ಪಂಪು ಹಾಕುವವರಿದ್ದಾರೆ. ದಯವಿಟ್ಟು ಬೇಡ. 4 ಪಿಎಸ್‌ಐ ಒತ್ತಡದ ಪಂಪು ಅದೇ 3 ಮಿ.ಮೀ. ತೂತಿನಲ್ಲಿ ನೀಡಲನ್ನು 20 ಗ್ರಾಮಿನಷ್ಟು ತಳ್ಳುತ್ತದೆ. 2 ಗ್ರಾಂ ತಡೆಯಲು ಮಾಡಿದ ಬೆಂಡು ಅದಕ್ಕೆ ಹೇಗೆ ತಡೆದೀತು?

ಬಡಿಗೇರರ ಬಾಟಲಿ

ಕಾರ್ಕಿಗೆ ಪೆಟ್ರೋಲ್ ಹೀರದಂತೆ ಆಗ ಅರಗಿನ ಪಾಲಿಶ್ ಬಳಿಯುತ್ತಿದ್ದರು. ನಮ್ಮ ಫ್ಲೋಟಿನ ಮೇಲೂ ಅಲ್ಲಲ್ಲಿ ಕಂದು ಸಿಪ್ಪೆ ಉಳಿದಿತ್ತು. ಅದನ್ನೇ ಮತ್ತೆ ಬಳಿದರೆ ಮುಗಿಯಿತು ಅಂತ ಪಕ್ಕದ ಬಡಿಗೇರರ ಹತ್ತಿರ ಅರಗು ಕೇಳಲು ಹೋದೆ. ಅವರು ಅರಗಿನ ಚಕ್ಕೆಗಳನ್ನು ಬಾಟಲಿಗೆ ಹಾಕಿ ಮೇಲೆ ಸ್ಪಿರಿಟ್ ಸುರಿಯುತ್ತಿದ್ದರು. "ರಾತ್ರಿ ಇಟ್ಟರ ಬೆಳಿಗ್ಗಿ ಕರಗಿರ್ತೈತಿ" ಅಂದರು.

ನಾನು ಅಲ್ಲೇ ನಿಂತೆ. ಸ್ಪಿರಿಟ್ ಅಂದರೆ ಎಥನಾಲ್. ಬಂಕಿನಲ್ಲಿ ಈಗ ಹಾಕಿಸಿಕೊಳ್ಳುವ ಪೆಟ್ರೋಲಿನಲ್ಲೂ ಅದೇ ಇದೆ. ದೇಶದಲ್ಲಿ ಎಥನಾಲ್ ಬೆರಕೆ 2022ರಲ್ಲಿ ಶೇ. 10 ಮುಟ್ಟಿತು, 2025ರಲ್ಲಿ ಶೇ. 20. ನಮ್ಮ ಬೆಂಡಿನ ಮೈಮೇಲಿನ ಅರಗನ್ನು ನಾವೇ ಹಗಲೂ ರಾತ್ರಿ ಪಾಲಿಶ್ ಬಾಟಲಿಯಲ್ಲಿ ನೆನೆಸಿಟ್ಟಂತೆ ಆಗಿತ್ತು.

ಊಹೆಯಲ್ಲಿ ಬಿಡಬಾರದು ಅಂತ ಪರೀಕ್ಷೆ ಮಾಡಿದೆವು. 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ, ಅಳತೆ ಜಾರಿನಲ್ಲಿ ಕುಲುಕಿ ಇಟ್ಟರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಸೇರುತ್ತದೆ. ತಳದ ನೀರಿನ ಪದರ 10ರಿಂದ 28ಕ್ಕೆ ಬೆಳೆದಿತ್ತು. ಮೇಲಿನ ಪೆಟ್ರೋಲನ್ನು ಎರಡನೇ ಸಲವೂ ನೀರಿನಲ್ಲಿ ತೊಳೆದು, ಬಸಿದು ಬೇರೆ ಬಾಟಲಿಗೆ ತೆಗೆದೆ. ಇದು ಎಥನಾಲ್ ಹೋದ ಪೆಟ್ರೋಲು. ಹಳೆ ಕಾರ್ಕ್ ಬಿರಡೆ ಕೊಯ್ದು ಒಂದೇ ಅಳತೆಯ ತುಂಡು ಮಾಡಿ, ಎರಡಕ್ಕೆ ಅರಗು ಬಳಿದು ಒಣಗಿಸಿ, ಒಂದನ್ನು ಬಂಕಿನ ಪೆಟ್ರೋಲಿನಲ್ಲಿ, ಇನ್ನೊಂದನ್ನು ತೊಳೆದ ಪೆಟ್ರೋಲಿನಲ್ಲಿ ಮುಳುಗಿಸಿಟ್ಟೆ. ಎರಡನೇ ದಿನಕ್ಕೆ ಬಂಕಿನ ಪೆಟ್ರೋಲಿನ ತುಂಡು ಬೆರಳಿಗೆ ಅಂಟುತ್ತಿತ್ತು, ಪೆಟ್ರೋಲ್ ಕಂದು ಬಣ್ಣಕ್ಕೆ ತಿರುಗಿತ್ತು. ತೊಳೆದ ಪೆಟ್ರೋಲಿನಲ್ಲಿದ್ದದ್ದು ಉಗುರಿಗೆ ಗಟ್ಟಿಯಾಗಿ ಸಿಕ್ಕಿತು.

ಅರಗು ಬಳಿಯುತ್ತಿದ್ದವರದು ತಪ್ಪಲ್ಲ. ಬರೀ ಪೆಟ್ರೋಲಿಗೆ ಅದು ಸರಿಯಾದ ಆಯ್ಕೆಯೇ ಆಗಿತ್ತು.

ಹೊಸ ಹೊದಿಕೆ

ಹಿತ್ತಾಳೆಯಲ್ಲೇ ಫ್ಲೋಟು ಮಾಡಿಸೋಣ ಅಂತಲೂ ಯೋಚಿಸಿದೆ. 0.2 ಮಿ.ಮೀ. ತಗಡಿನಲ್ಲಿ ಈ ಲಾಳದ ಆಕಾರಕ್ಕೆ ಸುಮಾರು 80 ಚದರ ಸೆಂ.ಮೀ. ತಗಡು ಬೇಕು, ತಗಡೇ 13–14 ಗ್ರಾಂ, ಬೆಸುಗೆ ಬೇರೆ. ಸಾಧ್ಯ, ಆದರೆ ಒಣ ಬೆಂಡಿಗಿಂತ ಭಾರ, ಬೆಸುಗೆಯ ಉದ್ದವೂ ಹೆಚ್ಚು. ಬಿಟ್ಟೆ.

ಇನ್ನೂ ಎರಡು ತುಂಡಿಗೆ ಎರಡು ಬಗೆಯ ಅಂಟು ಬಳಿದು ಬಂಕಿನ ಪೆಟ್ರೋಲಿನಲ್ಲಿ ಇಟ್ಟಿದ್ದೆ. ಎರಡು ಟ್ಯೂಬ್ ಕಲಸಿ ಹಚ್ಚುವ, ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟು ಐದನೇ ದಿನ ಅಂಚಿನಲ್ಲಿ ಮೆತ್ತಗಾಯಿತು. ನೀರಿನಂತೆ ತೆಳುವಾದ ಸೂಪರ್ ಗ್ಲೂ ವಾರ ಕಳೆದರೂ ಗಾಜಿನಂತೆಯೇ ಇತ್ತು. ಹಳೆ ಗಾಡಿ ಸಾಕುವವರಲ್ಲಿ ಹಲವರು ಕಾರ್ಕಿಗೆ ಇದನ್ನೇ ಬಳಸುತ್ತಾರೆ. ಕಾರಣ ನನ್ನ ಕಣ್ಣಿಗೇ ಕಂಡಿತು.

ಪೂರ್ತಿ ಒಣಗಿದ ಬೆಂಡಿನ ಮೇಲಿನ ಹಳೆ ಸಿಪ್ಪೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ನಯವಾದ ಎಮರಿ ಕಾಗದದಿಂದ ತೀಡಿ, ಮತ್ತೆ ಎರಡು ದಿನ ಒಣಗಿಸಿದೆ. ಒಳಗೆ ತೇವ ಉಳಿದಿದ್ದರೆ ಮೇಲೆ ಹಚ್ಚಿದ್ದು ಗುಳ್ಳೆ ಏಳುತ್ತದೆ. ಒಲೆಯ ಹತ್ತಿರ ಒಣಗಿಸುವ ಆತುರ ಖಂಡಿತ ಬೇಡ, ಅದು ಪೆಟ್ರೋಲ್ ಕುಡಿದ ಬೆಂಡು. ಮೊದಲ ಸಲ ಹಚ್ಚಿದ ಸೂಪರ್ ಗ್ಲೂವನ್ನು ಕಾರ್ಕ್ ಕುಡಿದುಬಿಡುತ್ತದೆ, ಆಗ ಏಳುವ ಹೊಗೆ ಕಣ್ಣು ಉರಿಸುತ್ತದೆ. ಬಯಲಿನಲ್ಲಿ ಕೂತು ಮಾಡಿದೆವು. ತೀಡುತ್ತ ಒಟ್ಟು ಮೂರು ಸಲ ತೆಳುವಾಗಿ ಹಚ್ಚಿದೆ. ಹಿತ್ತಾಳೆ ಪಟ್ಟಿ ಕಾರ್ಕಿಗೆ ಸೇರುವ ಸಂದಿಗೆ ನಾಲ್ಕನೇ ಸಲವೂ ಬೇಕಾಯಿತು, ಪೆಟ್ರೋಲ್ ಒಳನುಗ್ಗುವುದು ಅಲ್ಲಿಂದಲೇ. ಹತ್ತಿ ಬಳಸಬಾರದು, ಈ ಅಂಟು ತಾಗಿದರೆ ಹತ್ತಿ ಕಾದು ಹೊಗೆಯಾಡುತ್ತದೆ. ಮುಗಿದಾಗ ತೂಕ 12.2 ಗ್ರಾಂ. ಪತ್ತಾರರೇ ಚೀಟಿಯಲ್ಲಿ ಬರೆದುಕೊಟ್ಟರು.

ಮಟ್ಟ ಹಿಡಿಯುವುದು

ಬೆಂಡಿನ ತೂಕ ಬದಲಾದರೆ ಮಟ್ಟವೂ ಬದಲಾಗುತ್ತದೆ, ಹಾಗಾಗಿ ನೀಡಲನ್ನು ಎತ್ತುವ ನಾಲಿಗೆಯನ್ನು ಬಗ್ಗಿಸಿ ಹೊಂದಿಸಬೇಕು. ಬಟ್ಟಲು ಮುಚ್ಚಿದ ಮೇಲೆ ಒಳಗಿನ ಮಟ್ಟ ಕಾಣುವುದು ಹೇಗೆ? ಗೌಂಡಿಗಳು ಗೋಡೆಗೆ ಲೆವೆಲ್ ಹಿಡಿಯುವ ಪಾರದರ್ಶಕ ಪೈಪೇ ಉತ್ತರ. ಬಟ್ಟಲಿನ ತಳದ ಡ್ರೈನ್ ಕಾಕಿಗೆ ಒಂದು ಮೊಳ ಪೈಪು ಸಿಕ್ಕಿಸಿ, ಬಟ್ಟಲಿನ ಪಕ್ಕದಲ್ಲೇ ನೆಟ್ಟಗೆ ಮೇಲೆತ್ತಿ ಹಿಡಿದರೆ ಒಳಗಿನ ಮಟ್ಟವೇ ಪೈಪಿನಲ್ಲೂ ನಿಲ್ಲುತ್ತದೆ. ಪೈಪಿನ ಒಳ ಅಗಲ 6 ಮಿ.ಮೀ.ಗೆ ಕಡಿಮೆ ಇರಬಾರದು, ಸಣ್ಣದಾದರೆ ಪೆಟ್ರೋಲ್ ಗೋಡೆ ಹಿಡಿದು ಏರಿ ಸುಳ್ಳು ಹೇಳುತ್ತದೆ. ಗಾಡಿಯೂ ಸಮತಟ್ಟಾಗಿ ನಿಂತಿರಬೇಕು. ಜೆಟ್ಟಿನ ಬಾಯಿಯ ಎತ್ತರವನ್ನು ಬಿಚ್ಚಿದಾಗಲೇ ವರ್ನಿಯರಿನಿಂದ ಅಳೆದು ಬಟ್ಟಲಿನ ಹೊರಮೈಗೆ ಗೆರೆ ಎಳೆದಿಟ್ಟಿದ್ದೆ.

ಮೊದಲ ಸಲ ಗೆರೆಗಿಂತ 1 ಮಿ.ಮೀ. ಕೆಳಗೆ ನಿಂತಿತು. ಸಾಲದು, ಗಾಡಿ ಅಲುಗಿದರೆ ಸಾಕು, ತುಳುಕುತ್ತದೆ. ನಾಲಿಗೆಯನ್ನು ಎಳ್ಳಿನಷ್ಟು ಬಗ್ಗಿಸಿದರೆ 5 ಮಿ.ಮೀ. ಕೆಳಗೆ ಹೋಯಿತು, ಅಷ್ಟಾದರೆ ಎಂಜಿನ್ ಹಸಿಯುತ್ತದೆ. ನಾಲ್ಕನೇ ಪ್ರಯತ್ನಕ್ಕೆ 3 ಮಿ.ಮೀ. ಸಿಕ್ಕಿತು. ಫ್ಲೋಟು ಬಟ್ಟಲಿನ ಗೋಡೆಗೆ ಒಂದು ಕಡೆ ಉಜ್ಜುತ್ತಿದ್ದದ್ದೂ ಈ ಹೊತ್ತಿನಲ್ಲೇ ಕಂಡು, ಕೀಲಿನ ಪಿನ್ನು ನೆಟ್ಟಗೆ ಮಾಡಿದೆ.

ಮೂರು ದಿನ ಕಾಕ್ ತೆರೆದೇ ಇಟ್ಟು, ಅಡಿಗೆ ತಗಡಿನ ತಟ್ಟೆಯಲ್ಲಿ ಬಿಳಿ ಕಾಗದ ಹಾಸಿ, ಸರದಿಯ ಮೇಲೆ ಕಾವಲು ಕೂತೆವು. ಕಾಗದದ ಮೇಲೆ ಒಂದು ಕಲೆಯೂ ಬೀಳಲಿಲ್ಲ. ಪೈಪಿನ ಮಟ್ಟವೂ ಗೆರೆಗಿಂತ 3 ಮಿ.ಮೀ. ಕೆಳಗೇ ನಿಂತಿತ್ತು, ಕದಲಲಿಲ್ಲ.

ರಸ್ತೆಗೆ

ಮೋಕಾ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಓಡಿಸಿದೆವು. ಎಥನಾಲ್ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಡ್ಯಾಶಿನ ಮೇಲಿನ ಗುಬಟಿಯಿಂದ ಜೆಟ್ಟನ್ನು ಕಾಲು ಸುತ್ತು ತೆರೆದಾಗ ಎಂಜಿನ್ನಿನ ತೊದಲು ನಿಂತಿತು. ಮಧ್ಯಾಹ್ನದ 41 ಡಿಗ್ರಿ ಬಿಸಿಲಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ನಾಲ್ಕೈದು ಹನಿ ಬಿತ್ತು. ಅಳಿಯನ ಮುಖ ಬಾಡಿತು.

ಇದು ಬೇರೆ ರೋಗ. ಎಂಜಿನ್ ನಿಂತ ಮೇಲೆ ಗಾಳಿಯಾಡದೆ ಎಕ್ಸಾಸ್ಟಿನ ಕಾವು ಬಟ್ಟಲಿಗೆ ಇಳಿದು ಪೆಟ್ರೋಲ್ ಕುದಿಯುತ್ತದೆ, ನೊರೆಯೆದ್ದು ಜೆಟ್ಟಿನಿಂದ ಹೊರಬರುತ್ತದೆ. ಗುರುತು ಹಿಡಿಯುವುದು ಸುಲಭ. ಬೆಂಡಿನ ದೋಷವಾದರೆ ತಣ್ಣಗಿದ್ದಾಗಲೂ ಹನಿ ಬೀಳುತ್ತದೆ, ನಿಲ್ಲುವುದಿಲ್ಲ. ಕಾವಿನದಾದರೆ ನಿಲ್ಲಿಸಿದ ಹತ್ತು ನಿಮಿಷದೊಳಗೆ ಬಿದ್ದು ತಾನೇ ನಿಲ್ಲುತ್ತದೆ. ಎಕ್ಸಾಸ್ಟಿನಿಂದ ಬಿಸಿ ಗಾಳಿ ತರುವ ತಗಡಿನ ಕೊಳವೆ ಚಳಿ ದೇಶಕ್ಕೆ ಬೇಕು, ಬಳ್ಳಾರಿಯ ಬೇಸಿಗೆಗೆ ಅಲ್ಲ. ಅದನ್ನು ಬಿಚ್ಚಿಟ್ಟೆ. ಇನ್ನೊಂದು ರೂಢಿಯನ್ನು ಸಾವ್ಕಾರರಿಗೆ ಹೇಳಿಕೊಟ್ಟೆ: ಮನೆ ಇನ್ನೇನು ಬಂತು ಅನ್ನುವಾಗಲೇ ಟ್ಯಾಂಕಿನ ಕಾಕ್ ಬಂದ್ ಮಾಡಿ, ಬಟ್ಟಲಿನಲ್ಲಿದ್ದದ್ದನ್ನು ಎಂಜಿನ್ನೇ ಕುಡಿದು ನಿಲ್ಲಲಿ. ಕುದಿಯಲು ಪೆಟ್ರೋಲೇ ಉಳಿಯುವುದಿಲ್ಲ, ಬೆಂಡೂ ಒಣಗಿರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡ್ರೈನ್ ಕಾಕಿನಿಂದ ಉಳಿದದ್ದನ್ನೂ ತೆಗೆಯಬೇಕು, ಎಥನಾಲ್ ಗಾಳಿಯ ತೇವ ಎಳೆದುಕೊಂಡು ಹಿತ್ತಾಳೆ, ಕಬ್ಬಿಣ ಎರಡನ್ನೂ ತಿನ್ನುತ್ತದೆ.

ಗಾಡಿ ಒಪ್ಪಿಸುವ ಮುಂಚೆ, ಹೊದಿಕೆ ಹಚ್ಚಿ 21ನೇ ದಿನ, ಫ್ಲೋಟನ್ನು ಮತ್ತೆ ಬಿಚ್ಚಿ ಪತ್ತಾರರ ಅಂಗಡಿಗೆ ಒಯ್ದೆ. ಚಾಚಾನೂ ಜೊತೆಗೆ ಬಂದರು. 12.4 ಗ್ರಾಂ. ಚಾಚಾ ತಾವೇ ಒಂದು ಸಲ ಕೈಯಲ್ಲಿ ಹಿಡಿದು ತೂಗಿ ನೋಡಿ, ಪತ್ತಾರರಿಂದ ಚೀಟಿ ಇಸಿದುಕೊಂಡು ಹಳೆಯ ಅಂಕೆಗಳ ಕೆಳಗೆ ಹೊಸದನ್ನು ಬರೆಸಿದರು. ಆ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಿನ ಅಡಿ, ಟ್ಯಾಂಕಿನ ಮುಚ್ಚಳದ ಪಕ್ಕ ಕಟ್ಟಿದ್ದೇನೆ. ಮುಂದೆ ಯಾರೇ ಈ ಕಾರ್ಬೊರೇಟರ್ ಬಿಚ್ಚಿದರೂ ನೀಡಲಿಗೆ ಕೈ ಹಾಕುವ ಮುಂಚೆ ಬೆಂಡನ್ನು ತೂಗಲಿ.